ಬಂಗಾರದ ಬಣ್ಣದ ಕೂಸು

ಸುರಪುರದ ಕಡೆಯ ಒಂದು ಊರಿನಲ್ಲಿ ಈರಣ್ಣ ಪತ್ತಾರ ಎಂಬವನು ವಿಡಿಯೊ ಸ್ಟುಡಿಯೊ ಇಟ್ಟುಕೊಂಡಿದ್ದ. ಅವನ ಶಿಷ್ಯ ಗೌರೀಶ ಎಡಿಟಿಂಗ್‌ನಲ್ಲಿ ಗುರುವನ್ನೇ ಮೀರಿಸುವಷ್ಟು ಪಳಗಿದ್ದ. ಮದುವೆಯ ಡಿವಿಡಿ ಎಂದರೆ ಗೌರೀಶನ ಕೈಯಲ್ಲೇ ಆಗಬೇಕು ಎಂದು ಜನ ಹಟ ಹಿಡಿಯುತ್ತಿದ್ದರು. ಮಂಕಾದ ಮುಖಕ್ಕೆ ಕಳೆ ಕೊಡುವುದು, ಮಾಸಿದ ಸೀರೆಗೆ ರಂಗು ತುಂಬುವುದು ಅವನಿಗೆ ನೀರು ಕುಡಿದಷ್ಟು ಸಲೀಸು.

ಒಮ್ಮೆ ಮಕ್ಕಳ ಡಾಕ್ಟರ್ ಸಬೀಹಾ ಅವರು ಸ್ಟುಡಿಯೊಗೆ ಒಂದು ಕೆಲಸ ಒಪ್ಪಿಸಿದರು. ಹಳ್ಳಿಗಳಲ್ಲಿ ಬಾಣಂತಿಯರ ಮನೆಮನೆಗೆ ಹೋಗಿ ಕೂಸು ನೋಡಿ ಬರುವ ಕಾರ್ಯಕರ್ತೆಯರಿಗೆ ಪಾಠ ಹೇಳುವ ಡಿವಿಡಿ ಮಾಡಬೇಕಿತ್ತು. ಅದರಲ್ಲಿ ಒಂದು ಪಾಠ ಕಾಮಾಲೆಯದು.

"ಹುಟ್ಟಿದ ಕೂಸಿಗೆ ಕಾಮಾಲೆ ಏರಿದ್ರ ಮೈ ಹಳದಿ ಆಗ್ತದ. ತಡ ಮಾಡಿದ್ರ ಅದು ಮಿದುಳಿಗೆ ಹೋಗ್ತದ, ಜೀವ ಉಳಿದ್ರೂ ಕಿವಿ ಹೋಗಬಹುದು," ಎಂದರು ಡಾಕ್ಟರ್. "ಹಳ್ಳಿಯೊಳಗ ರಕ್ತ ಪರೀಕ್ಷೆ ಎಲ್ಲಿ ಬರಬೇಕು? ಆ ಹೆಣ್ಣುಮಕ್ಕಳ ಕಣ್ಣೇ ಪರೀಕ್ಷೆ. ಅದಕ್ಕ ಮೊದಲು ಆರೋಗ್ಯದ ಕೂಸು ಹ್ಯಾಂಗಿರ್ತದ ಅಂತ ತೋರಸ್ರಿ. ಕಾಮಾಲೆ ಕೂಸು ಆಮ್ಯಾಲ."

ಆಸ್ಪತ್ರೆಯಲ್ಲಿ ಕಿಟಕಿಯ ಬೆಳಕಿಗೆ ಒಂದು ಗಟ್ಟಿಮುಟ್ಟಾದ ಕೂಸನ್ನು ಹಿಡಿಸಿ ವಿಡಿಯೊ ತೆಗೆದರು. ಅದೇ ಕೂಸಿನ ಫೋಟೊವನ್ನೂ ತೆಗೆದರು. ಡಿವಿಡಿಯಲ್ಲಿ ಮೊದಲು ವಿಡಿಯೊ ಓಡಬೇಕು. ಅದು ಮುಗಿದ ಕೂಡಲೇ ಫೋಟೊ ಬಂದು ನಿಲ್ಲಬೇಕು, ಅದರ ಮೇಲೆ 'ಆರೋಗ್ಯವಂತ ಮಗು' ಎಂಬ ಬರಹ.

ಗೌರೀಶ ಎಲ್ಲವನ್ನೂ ಜೋಡಿಸಿ ಟಿವಿಗೆ ಹಾಕಿ ನೋಡಿದ. ವಿಡಿಯೊದಲ್ಲಿ ಕೂಸು ತಿಳಿಗೆಂಪಾಗಿತ್ತು. ಫೋಟೊ ಬಂದು ನಿಂತಾಗ ಅದೇ ಕೂಸಿನ ಮೈ ಹಳದಿಗೆ ಜಿಗಿಯಿತು. ನೋಡುವವರ ಕಣ್ಣಿಗೆ ಪಟ್ಟನೆ ಹೊಡೆದಂತಾಗುತ್ತಿತ್ತು.

ಯಾಕೆ ಹೀಗಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ವಿಡಿಯೊ ಬಣ್ಣವನ್ನು ಒಂದು ಅಳತೆಯಲ್ಲಿ ಇಟ್ಟುಕೊಳ್ಳುತ್ತದೆ, ಕಂಪ್ಯೂಟರಿನ ಫೋಟೊ ಇನ್ನೊಂದು ಅಳತೆಯಲ್ಲಿ. ಡಿವಿಡಿಗೆ ಹಾಕುವ ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು. ತಂದ ಮೇಲೆ ನಿಜವಾದ ಕೂಸಿಗೆ ಹೋಲುತ್ತದೆಯೇ ಎಂದು ನೋಡಬೇಕು. ಕೂಸು ಇನ್ನೂ ಆಸ್ಪತ್ರೆಯಲ್ಲೇ ಇತ್ತು. ಆಸ್ಪತ್ರೆ ಇದ್ದದ್ದು ರಸ್ತೆಯ ಆಚೆಗೆ.

ಆದರೆ ಆ ಹಳದಿ ಗೌರೀಶನ ಕಣ್ಣಿಗೆ ಹಿಡಿಸಿಬಿಟ್ಟಿತು. 'ಎಂಥ ಚಂದ! ಬಂಗಾರದ ಗೊಂಬಿ ಹಂಗ ಕಾಣ್ತದ' ಎಂದುಕೊಂಡ. ಫೋಟೊವನ್ನು ಹಾಗೇ ಬಿಟ್ಟು, ವಿಡಿಯೊಗೇ ಆ ಬಣ್ಣ ಏರಿಸಿದ. ಈಗ ಜಿಗಿತವೇ ಇಲ್ಲ. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ವಿಡಿಯೊ ಹೋಗಿ ಫೋಟೊ ನಿಂತಿತು.

ಈರಣ್ಣ ಹಿಂದೆ ನಿಂತು ನೋಡಿದ. "ಎರಡೂ ಕೂಡಿದ್ವಲ್ಲ?"

"ಕೂಡಿದ್ವು ನೋಡ್ರಿ."

"ಆಯ್ತು, ಕಳಿಸಿಬಿಡು," ಎಂದ ಈರಣ್ಣ.

ಡಾಕ್ಟರ್ ಆ ವಾರ ಪರ ಊರಿನಲ್ಲಿದ್ದರು. ಮಾತು, ಬರಹವನ್ನೆಲ್ಲ ಮೊದಲೇ ನೋಡಿ ಒಪ್ಪಿದ್ದರು. ಡಿವಿಡಿ ನೇರ ಹಳ್ಳಿಗಳಿಗೆ ಹೋಯಿತು.

ಹಣಮವ್ವ ಒಂದು ಹಳ್ಳಿಯ ಕಾರ್ಯಕರ್ತೆ. ಆ ಡಿವಿಡಿಯನ್ನು ಮನಸ್ಸಿಟ್ಟು ನೋಡಿದ್ದಳು. ಕೆಲ ದಿನಗಳ ಬಳಿಕ ರೇಣವ್ವ ಎಂಬ ಬಾಣಂತಿ ಅವಳನ್ನು ಮನೆಗೆ ಕರೆಸಿದಳು. "ಯಕ್ಕಾ, ನನ ಮಗಳು ಯಾಕೋ ಹಳದಿ ಕಾಣ್ತಾಳ."

ಹಣಮವ್ವ ಕೂಸನ್ನು ಅಂಗಳದ ಬಿಸಿಲಿಗೆ ತಂದು ನೋಡಿದಳು. ಡಿವಿಡಿಯ ಕಾಮಾಲೆ ಕೂಸುಗಳು ಇನ್ನೂ ಗಾಢವಾಗಿದ್ದವು. ಇದರ ಬಣ್ಣ ಆ ಆರೋಗ್ಯದ ಕೂಸಿನದೇ. "ಅಂಜಬ್ಯಾಡ ತಂಗಿ. ಚಲೋ ಕೂಸು ಹಿಂಗೇ ಇರ್ತದ. ನಾ ಕಣ್ಣಾರೆ ನೋಡೀನಿ," ಎಂದು ಧೈರ್ಯ ಹೇಳಿ ಹೋದಳು.

ಕೂಸು ಹಾಲು ಬಿಟ್ಟಿತು. ಅಳುವ ಶಕ್ತಿಯೂ ಹೋಗಿ ಜೋತುಬಿದ್ದ ಮೇಲೆ ಆಸ್ಪತ್ರೆಗೆ ತಂದರು. ಡಾಕ್ಟರ್ ಸಬೀಹಾ ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿದರು, ರಕ್ತ ಬದಲಿಸಿದರು. ಜೀವ ಉಳಿಯಿತು.

ಊರಿನಲ್ಲಿ ಹಣಮವ್ವನ ಹೆಸರು ಕೆಟ್ಟಿತು. ಬಾಣಂತಿಯರ ಮನೆ ಬಾಗಿಲುಗಳು ಅವಳಿಗೆ ಮುಚ್ಚಿದವು. ಡಾಕ್ಟರ್ ಕರೆದು ಕೇಳಿದಾಗ ಅವಳು ಅಳುತ್ತಾ, "ನಿಮ್ಮ ಡಿವಿಡಿಯೊಳಗಿನ ಕೂಸು ಹಂಗೇ ಇತ್ತಲ್ರಿ ಮೇಡಂ," ಎಂದಳು. ಡಾಕ್ಟರ್ ಅಂದೇ ಡಿವಿಡಿ ಹಾಕಿ ನೋಡಿದರು. ನೋಡಿದವರೇ ಹಣಮವ್ವನನ್ನು ಕರೆದುಕೊಂಡು ಸ್ಟುಡಿಯೊಗೆ ಬಂದರು.

"ಈರಣ್ಣ, ಡಿವಿಡಿಯೊಳಗ ಈ ಆರೋಗ್ಯದ ಕೂಸು ಯಾಕ ಹಳದಿ ಕಾಣ್ತದ?"

ಈರಣ್ಣ ಟಿವಿಯ ಕಡೆ ಕೈ ತೋರಿಸಿದ. "ಒಂದೊಂದು ಟಿವಿ ಒಂದೊಂದು ಬಣ್ಣ ತೋರಸ್ತದ ಮೇಡಂ. ಟಿವಿದೇ ದೋಷ ಇರಬೇಕು."

ಟಿವಿಗಳು ಹಾಗೆ ಮಾಡುವುದು ನಿಜವೇ ಆಗಿತ್ತು. ಗೌರೀಶ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವನು ಬಾಗಿಲ ಬಳಿ ನಿಂತ ಹಣಮವ್ವನನ್ನು ನೋಡಿದ. ತಾನೇ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ನಿಂತಿದ್ದಳು.

"ಟಿವಿ ಅಲ್ರಿ ಮೇಡಂ," ಎಂದ ಗೌರೀಶ. "ಬಣ್ಣ ಹಚ್ಚಿದವ ನಾನು. ಎರಡೂ ಹೊಂದಲಿ ಅಂತ ಹಚ್ಚಿದೆ. ಚಂದ ಕಾಣಲಿ ಅಂತ ಹಚ್ಚಿದೆ. ಕೂಸಿನ ಬಣ್ಣ ನಿಜಕ್ಕ ಹ್ಯಾಂಗದ ಅಂತ ಎದ್ದು ಹೋಗಿ ನೋಡಲಿಲ್ಲ."

"ನೋಡು ಅಂತ ನಾನೂ ಹೇಳಲಿಲ್ಲ," ಎಂದ ಈರಣ್ಣ.

ಗುರುಶಿಷ್ಯರು ಹಳ್ಳಿ ಹಳ್ಳಿ ತಿರುಗಿ ಆ ಡಿವಿಡಿಗಳನ್ನೆಲ್ಲ ವಾಪಸು ತಂದರು. ಆರೋಗ್ಯದ ಕೂಸೊಂದನ್ನು ತಾಯಿಯ ಸಮೇತ ಟಿವಿಯ ಪಕ್ಕದಲ್ಲೇ ಕೂರಿಸಿಕೊಂಡು ಹೊಸ ಡಿವಿಡಿ ಮಾಡಿದರು. ಡಾಕ್ಟರ್ ಈ ಸಲ ಪ್ರತಿ ಚಿತ್ರವನ್ನೂ ನೋಡಿಯೇ ಒಪ್ಪಿದರು.

ಆಮೇಲೆ ಗೌರೀಶ ಹಣಮವ್ವನ ಜೊತೆ ರೇಣವ್ವನ ಮನೆಗೆ ಹೋದ. ನೆರೆಯವರೆಲ್ಲ ಕೂಡಿದ್ದರು. "ಈ ಅಕ್ಕಂದು ತಪ್ಪಿಲ್ಲ. ಆಕಿ ಕಂಡಿದ್ದನ್ನೇ ನಂಬಿದಳು. ಕಾಣಿಸಿದ್ದೇ ಸುಳ್ಳಾಗಿತ್ತು. ಅದನ್ನ ಮಾಡಿದವ ನಾನು," ಎಂದು ಎಲ್ಲರ ಮುಂದೆ ಹೇಳಿದ.

ರೇಣವ್ವ ಎದ್ದು, ಹಣಮವ್ವನ ಕೈ ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು. ಗೌರೀಶನ ಕಡೆ ಅವಳು ನೋಡಲಿಲ್ಲ.

ಅಷ್ಟರಲ್ಲಿ ಒಳಗೆ ಯಾರದೋ ಕೈ ತಾಗಿ ಹಿತ್ತಾಳೆಯ ಕೊಡ ಕಲ್ಲಿನ ಮೇಲೆ ಠಣ್ಣನೆ ಬಿತ್ತು. ಕೂತವರೆಲ್ಲ ಬೆಚ್ಚಿಬಿದ್ದರು. ರೇಣವ್ವನ ಮಡಿಲಲ್ಲಿದ್ದ ಕೂಸು ಮಾತ್ರ ಬೆಚ್ಚಲಿಲ್ಲ. ತಿರುಗಿಯೂ ನೋಡಲಿಲ್ಲ. ತನ್ನ ಮುಷ್ಟಿ ಚೀಪುತ್ತಾ ಆರಾಮವಾಗಿ ಮಲಗಿತ್ತು.

ಅದಕ್ಕೆ ಮುಂದೆಯೂ ಕಿವಿ ಕೇಳಿಸಲಿಲ್ಲ.

ನೀತಿ: ಎರಡು ವಿಷಯ ಒಂದಕ್ಕೊಂದು ಹೊಂದಿದ ಮಾತ್ರಕ್ಕೆ ಅವು ನಿಜವಾಗುವುದಿಲ್ಲ. ಏನನ್ನಾದರೂ ಚಂದ ಮಾಡುವ ಮೊದಲು ನಿಜ ಯಾವುದೆಂದು ಎದ್ದು ಹೋಗಿ ನೋಡಬೇಕು. ತಪ್ಪನ್ನು ಒಪ್ಪಿಕೊಂಡರೆ ನಿರಪರಾಧಿಯ ಹೆಸರು ಉಳಿಯುತ್ತದೆ, ಮುಂದಿನ ಕೂಸುಗಳು ಉಳಿಯುತ್ತವೆ. ಆದರೆ ಆಗಿಹೋದದ್ದು ಮರಳಿ ಬರುವುದಿಲ್ಲ.