ಬರಿತಿದಿ ಗುಡ್ಡ

ಕೋಡಿಹಟ್ಟಿಯಿಂದ ಪಡುವಣಕ್ಕೆ ಒಂದು ಹರದಾರಿ ನಡೆದರೆ ಕೆಂಪು ಮಣ್ಣಿನ ಗುಡ್ಡವೊಂದು ಸಿಗುತ್ತದೆ. ಸರ್ಕಾರದ ನಕ್ಷೆಯಲ್ಲಿ ಅದಕ್ಕಿರುವುದು ಬರೀ ಒಂದು ಸಂಖ್ಯೆ. ನಮ್ಮ ಕಡೆಯವರು ಅದನ್ನು ಬರಿತಿದಿ ಗುಡ್ಡ ಎನ್ನುತ್ತಾರೆ. ಕಾರೆ, ಕವಳೆ, ಅಲ್ಲೊಂದು ಇಲ್ಲೊಂದು ಜಾಲಿ ಬಿಟ್ಟರೆ ಅಲ್ಲಿ ಬೆಳೆಯುವುದು ಏನೂ ಇಲ್ಲ. ನೆತ್ತಿಯ ಸಮತಟ್ಟಿನಲ್ಲಿ ಕಾಲಿಟ್ಟಲ್ಲೆಲ್ಲ ಕಬ್ಬಿಣದ ಕಿಟ್ಟ ಕರಕರ ಎನ್ನುತ್ತದೆ. ಹೊರಗಿನಿಂದ ಬಂದ ಮೇಷ್ಟ್ರೊಬ್ಬರು ಆ ಕಪ್ಪು ಚೂರುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಇವು ಆಕಾಶದಿಂದ ಬಿದ್ದ ಕಲ್ಲುಗಳು ಎಂದು ಹೇಳಿ ಹೋದರು. ಓದಿದವರು ಹೇಳಿದ್ದು, ನಾವು ಎದುರಾಡಲಿಲ್ಲ. ಆದರೆ ಅದು ಆಕಾಶದಿಂದ ಬಿದ್ದದ್ದಲ್ಲ, ಅದಿರು ಕರಗಿಸುವ ಒಲೆಯಿಂದ ಇಳಿದದ್ದು. ಗಾಳಿಯಿಲ್ಲದ ದಿನ ಅಲ್ಲಿ ನಿಂತರೆ ನಮ್ಮ ಉಸಿರು ನಮಗೇ ಕೇಳಿಸುತ್ತದೆ.

ಹಿಂದೆ ಒಮ್ಮೆ, ಅಂದರೆ ನನ್ನ ಮುತ್ತಜ್ಜನ ಅಜ್ಜ ಇನ್ನೂ ಗಟ್ಟಿಮುಟ್ಟಾಗಿದ್ದ ಕಾಲಕ್ಕೆ, ಆ ನೆತ್ತಿಯ ಮೇಲೆ ಕುಲುಮೆಹಟ್ಟಿ ಎಂಬ ಊರಿತ್ತು. ನಲವತ್ತು ಒಲೆಗಳಿದ್ದವು ಎನ್ನುತ್ತಾರೆ. ನಮ್ಮವರ ಲೆಕ್ಕ ಯಾವಾಗಲೂ ದುಪ್ಪಟ್ಟು, ಇಪ್ಪತ್ತು ಎಂದಿಟ್ಟುಕೊಳ್ಳಿ. ಗುಡ್ಡದ ಅದಿರನ್ನು ಕುಟ್ಟಿ, ಇದ್ದಿಲ ಜೊತೆ ಒಲೆಗೆ ಸುರಿದು, ತಿದಿ ಒತ್ತಿ ಕಬ್ಬಿಣ ಇಳಿಸುವುದು ಅವರ ಕಸುಬು. ತಿದಿ ಎಂದರೆ ಆಡಿನ ತೊಗಲಿನ ಚೀಲ. ಒತ್ತಿದರೆ ಮಣ್ಣಿನ ಕೊಳವೆಯ ಮೂಲಕ ಬೆಂಕಿಗೆ ಗಾಳಿ ಹೋಗುತ್ತದೆ. ಒಂದೊಂದು ಒಲೆಗೆ ಎರಡೆರಡು ತಿದಿ. ಗಂಡ ಒಂದನ್ನು ಒತ್ತುವಾಗ ಹೆಂಡತಿ ಇನ್ನೊಂದನ್ನು ಎತ್ತಬೇಕು. ಹೊತ್ತು ಮೂಡುವಾಗ ಹಚ್ಚಿದ ಒಲೆ ಹೊತ್ತು ಇಳಿಯುವವರೆಗೆ ಉರಿಯಬೇಕು, ನಡುವೆ ತಿದಿ ನಿಲ್ಲುವ ಹಾಗಿಲ್ಲ. ಹೀಗಾಗಿ ಅವರು ಸಂತೆಗೆ ಇಳಿಯುತ್ತಿರಲಿಲ್ಲ, ಸಂತೆಯೇ ಗುಡ್ಡ ಹತ್ತುತ್ತಿತ್ತು. ತಿದಿಯ ಸದ್ದು ಕೆಳಗಿನ ಬಯಲಿಗೆ ಕೇಳಿಸಿದರೆ ಸಾಕು, ಇದ್ದಿಲಿನ ಹೆಡಿಗೆ ಹೊತ್ತ ಹೆಂಗಸರು, ಕೊಳವೆ ತರುವ ಕುಂಬಾರರು, ಗಾಣದ ಎಣ್ಣೆಯವರು, ಕಂಬಳಿಯವರು, ಕತ್ತೆಯ ಮೇಲೆ ಉಪ್ಪು ಹೇರಿದ ಉಪ್ಪಾರರು ಸಾಲುಹಿಡಿದು ಬರುತ್ತಿದ್ದರು. ಬಳೆಗಾರ ಮಾತ್ರ ಪಾಡುಪಡುತ್ತಿದ್ದನಂತೆ, ಏಳುತ್ತಾ ಬೀಳುತ್ತಾ ಇರುವ ಕೈಗೆ ಬಳೆ ತೊಡಿಸುವುದು ಹೇಗೆ?

ಆ ಊರಿನ ವ್ಯಾಪಾರಕ್ಕೆ ಒಂದು ಕಟ್ಟಳೆ ಇತ್ತು. ತಿದಿ ಹಿಡಿದವರನ್ನು ಯಾರೂ ಮಾತಾಡಿಸಬಾರದು, ಅವರೂ ಮಾತಾಡಬಾರದು. ಮಾತಾಡಿಸಿದರೆ ಕೈಯ ಲಯ ತಪ್ಪುತ್ತದೆ, ಲಯ ತಪ್ಪಿದರೆ ಕಬ್ಬಿಣ ಬಿರಿಯುತ್ತದೆ. ವ್ಯಾಪಾರಿ ತನ್ನ ಸರಕನ್ನು ಹೊಸ್ತಿಲಲ್ಲಿಟ್ಟು, ಅಲ್ಲಿಟ್ಟಿರುವ ಕಬ್ಬಿಣದ ತುಂಡನ್ನು ಎತ್ತಿಕೊಂಡು ಸುಮ್ಮನೆ ಕೂರಬೇಕು. ಸಂಜೆ ಒಲೆಯಿಂದ ಕಬ್ಬಿಣದ ಮುದ್ದೆ ಹೊರಬಂದಾಗ ಅದರ ಮೇಲೆ ಸುತ್ತಿಗೆಯಿಂದ ಮೂರು ಪೆಟ್ಟು ಹಾಕುತ್ತಿದ್ದರು. ಆಮೇಲೆ ನೋಡಿ, ಊರೆಲ್ಲ ಬಾಯಿ ಬಿಚ್ಚುತ್ತಿತ್ತು. ಯಾರ ಮನೆಯ ಸೊಸೆ ಬಸುರಿ, ಯಾವ ಕೆರೆ ಕೋಡಿ ಬಿತ್ತು, ಎಲ್ಲವೂ ಆಗಲೇ. ಸುತ್ತಿಗೆಯ ಸದ್ದಿಲ್ಲದೆ ತಿದಿ ನಡುವೆಯೇ ನಿಂತರೆ ಮಾತ್ರ ಒಲೆ ಕೆಟ್ಟಿತೆಂದು ಅರ್ಥ. ಕೆಟ್ಟ ಒಲೆಯನ್ನು ಹೊರಗಿನವರು ನೋಡುವುದು ಮನೆಯವರಿಗೆ ಅವಮಾನ. ಮರ್ಯಾದಸ್ಥರು ದಾರಿಯಲ್ಲೇ ಹಿಂದಿರುಗಿ, ಮತ್ತೆ ತಿದಿಯ ಸದ್ದು ಕೇಳುವವರೆಗೆ ಅತ್ತ ಸುಳಿಯುತ್ತಿರಲಿಲ್ಲ.

ಆಮೇಲೆ ಸೀಮೆ ಕಬ್ಬಿಣ ಬಂತು. ಸಮುದ್ರದಾಚೆಯ ಯಾವುದೋ ಗುಡ್ಡದ ಊರಿನಲ್ಲಿ ಮನೆಯೆತ್ತರದ ಒಲೆಗಳಿದ್ದವಂತೆ, ಅವಕ್ಕೆ ನೀರಿನ ಚಕ್ರವೇ ತಿದಿ ಒತ್ತುತ್ತಿತ್ತಂತೆ. ಅಲ್ಲಿಯೂ ಉಪ್ಪು ಮಾರುವವರು, ಬಟ್ಟೆ ಮಾರುವವರು ಒಲೆಯ ಸದ್ದನ್ನೇ ನಂಬಿ ಬದುಕುತ್ತಿದ್ದರೋ ಏನೋ, ನಮಗೆ ಯಾರು ಹೇಳಬೇಕು? ಅಲ್ಲಿಂದ ಹಡಗಿನಲ್ಲಿ ಬಂದ ಸರಳುಗಳು ಗಾಡಿಗಳಲ್ಲಿ ಕೆಳಗಿನ ಪೇಟೆಗೆ ಬಂದಿಳಿದವು. ಕುಲುಮೆಹಟ್ಟಿಯ ಒಲೆಗಳು ಒಂದೊಂದಾಗಿ ಆರಿದವು, ಮನೆಗಳು ಒಂದೊಂದಾಗಿ ಗುಡ್ಡ ಇಳಿದವು. ಕೊನೆಗೆ ಉಳಿದವಳು ದುಗ್ಗವ್ವ ಒಬ್ಬಳೇ. ಗಂಡ ಕರಿಬಸ ಹಿಂದಿನ ವರ್ಷವೇ ಜ್ವರದಲ್ಲಿ ಹೋಗಿದ್ದ, ಮಕ್ಕಳಿರಲಿಲ್ಲ. ಕಡೆಯ ಗಾಡಿ ಕಟ್ಟಿದ ಮೈದುನ ಅವಳನ್ನು ಕರೆದ.

"ಬಾ ಅತ್ತಿಗೆ. ಇಲ್ಲಿ ಯಾರ ಮಕ ನೋಡ್ಕಂಡು ಇರ್ತೀಯ?"

"ತಿದಿ ಸದ್ದು ಇದ್ದಲ್ಲಿಗೆ ಸಂತೇನೇ ಬರ್ತದೆ ಕಣಪ್ಪ. ನಾನ್ಯಾಕೆ ಅದನ್ನ ಹುಡುಕ್ಕಂಡು ಹೋಗ್ಲಿ?" ಎಂದಳಂತೆ ದುಗ್ಗವ್ವ. ಹಟಮಾರಿ ಹೆಂಗಸು.

ಒಬ್ಬಳೇ ಅದಿರು ಅಗೆಯುವುದು, ಇದ್ದಿಲು ಸುಡುವುದು ಆಗದ ಮಾತು. ಆದರೆ ಕರಿಬಸ ಬಿಟ್ಟುಹೋದ ಕಬ್ಬಿಣದ ತುಂಡುಗಳು ಮೂಲೆಯಲ್ಲಿ ರಾಶಿಯಾಗಿದ್ದವು. ದುಗ್ಗವ್ವ ಖಾಲಿ ಒಲೆಗೆ ಹಸಿ ಸೊಪ್ಪು ತುಂಬಿ ಹೊಗೆ ಎಬ್ಬಿಸಿದಳು. ಎರಡು ತಿದಿಗಳ ನಡುವೆ ಕೂತು, ಎರಡು ಕೈಯಲ್ಲೂ ಒಂದೊಂದು ಹಿಡಿದು ಬರಿದೇ ಒತ್ತತೊಡಗಿದಳು. ಸದ್ದು ಬಯಲಿಗೆ ಹೋಯಿತು. ಮೊದಲ ವಾರ ಮೂವರು ಬಂದರು, ಆಮೇಲೆ ಇಬ್ಬರು, ಕಡೆಗೆ ಉಪ್ಪಾರ ಭರಮಣ್ಣ ಒಬ್ಬನೇ. ಅವನು ಮುದುಕ, ಕಟ್ಟಳೆಯ ಮನುಷ್ಯ. ಹೊಸ್ತಿಲಲ್ಲಿ ಉಪ್ಪನ್ನು ಇಟ್ಟು, ಕಬ್ಬಿಣ ಎತ್ತಿಕೊಂಡು, ಅತ್ತ ತಿರುಗಿಯೂ ನೋಡದೆ ಸ್ವಲ್ಪ ಹೊತ್ತು ಕೂರುತ್ತಿದ್ದ. ಪಾಳುಬಿದ್ದ ದಾರಿ, ಒಂಟಿ ಪ್ರಯಾಣ. ಸಂಜೆಯವರೆಗೆ ಕಾಯಲಾರದೆ ಇಳಿದುಬಿಡುತ್ತಿದ್ದ. ಮನುಷ್ಯರನ್ನು ಕರೆಯಬೇಕಾದರೆ ತಿದಿ ಒತ್ತಬೇಕು, ಒತ್ತುತ್ತಿದ್ದರೆ ಬಂದವರು ಮಾತಾಡುವುದಿಲ್ಲ. ಈ ಗಂಟು ದುಗ್ಗವ್ವನಿಗೆ ಬಿಡಿಸಲಾಗಲಿಲ್ಲ. ಹೊರಡುವಾಗ ಭರಮಣ್ಣ ತನ್ನ ಕತ್ತೆಗೆ, "ಏ ನಿಲ್ಲೇ, ಯಾರ ಮದುವೆಗೆ ಹೋಗ್ಬೇಕು ನೀನು?" ಎಂದು ಗದರಿದ್ದನ್ನೇ ಅವಳು ವಾರವಿಡೀ ಮನಸ್ಸಿನಲ್ಲಿ ಆಡಿಸುತ್ತಿದ್ದಳಂತೆ. ಇದನ್ನು ಕಂಡವರಾರು ಎಂದು ಕೇಳಬೇಡಿ. ಒಂಟಿಯಾಗಿ ಇದ್ದವರಿಗೆ ಗೊತ್ತು.

ಮೂರು ಪೆಟ್ಟು ಸುತ್ತಿಗೆ ಹಾಕಿದ್ದರೆ ಅವನು ಮಾತಾಡುತ್ತಿದ್ದ. ಆದರೆ ಬರಿದೇ ತಿದಿ ಒತ್ತುವುದು ಬೇರೆ, ಇಲ್ಲದ ಕಬ್ಬಿಣದ ಮೇಲೆ ಸುತ್ತಿಗೆ ಹಾಕುವುದು ಬೇರೆ. ಒಲೆಯ ಮಗಳಾಗಿ ಹುಟ್ಟಿದ ಅವಳಿಗೆ ಅಷ್ಟು ದೊಡ್ಡ ಸುಳ್ಳು ಆಡಲಾಗಲಿಲ್ಲ.

ಹೀಗೆ ಎಂಟು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ನಿರ್ಧಾರ ಮಾಡಿದಳು. ಇವತ್ತು ನಿಜ ಹೇಳಿಬಿಡುವುದು, ಬೈದರೆ ಬೈಯಲಿ, ಬೈಗುಳವೂ ಮಾತೇ ತಾನೇ. ಭರಮಣ್ಣ ಅರ್ಧ ಗುಡ್ಡ ಹತ್ತಿದ್ದು ಕಾಣುತ್ತಲೇ ತಿದಿಯನ್ನು ಬಿಟ್ಟು ಎದ್ದಳು. ಅಂಗಳದಲ್ಲಿ ಕಂಬಳಿ ಹಾಸಿದಳು, ಎರಡು ಬಟ್ಟಲಿಗೆ ಅಂಬಲಿ ಬಗ್ಗಿಸಿದಳು. ಕೆಳಗೆ ಭರಮಣ್ಣ ನಿಂತ. ತಿದಿ ನಡುವೆಯೇ ನಿಂತಿದೆ, ಸುತ್ತಿಗೆಯ ಸದ್ದಿಲ್ಲ. "ಪಾಪ, ಒಲೆ ಕೆಡ್ತು. ಆಯಮ್ಮನ ಮಾನ ಯಾಕೆ ಕಳೀಬೇಕು" ಎಂದುಕೊಂಡು ಕತ್ತೆಯ ಮುಖ ತಿರುಗಿಸಿದ. ದುಗ್ಗವ್ವ ಅಂಚಿಗೆ ಓಡಿಬಂದು ಕೂಗಿದಳು. ಎಂಟು ತಿಂಗಳು ಬಳಸದ ದನಿ ಗುಡ್ಡ ಇಳಿಯಲಿಲ್ಲ.

ಅವನು ಮುಂದಿನ ಸದ್ದಿಗಾಗಿ ಕೆಳಗೆ ಕಾದ. ಅವಳು ಮತ್ತೆ ಸುಳ್ಳು ತಿದಿ ಹಿಡಿಯಲಾರದೆ ಮೇಲೆ ಕಾದಳು. ಒಂದು ವಾರ ಹೋಯಿತು, ಎರಡು ಹೋಯಿತು. ಮೂರನೆಯ ವಾರ ಭರಮಣ್ಣನಿಗೆ ತಡೆಯಲಾಗಲಿಲ್ಲ, ಕಟ್ಟಳೆ ಮುರಿದು ಹತ್ತಿದ. ಒಲೆಯ ಬಾಯಲ್ಲಿ ಇಣುಕಿದರೆ ಒಂದು ಚೂರು ಕಿಟ್ಟವಿಲ್ಲ, ಬರೀ ಸೊಪ್ಪಿನ ಬೂದಿ. ಅಂಗಳದಲ್ಲಿ ಕಂಬಳಿ ಹಾಸಿತ್ತು, ಎರಡು ಬಟ್ಟಲಲ್ಲಿ ಅಂಬಲಿ ಒಣಗಿ ಬಿರಿದಿತ್ತು. ಕಂಬಳಿಯ ಒಂದು ತುದಿಯಲ್ಲಿ ದುಗ್ಗವ್ವ ದಾರಿಯ ಕಡೆ ಮುಖಮಾಡಿ ಮಲಗಿದ್ದಳು. ಜೀವ ಹೋಗಿ ಒಂದು ದಿನವಾಗಿತ್ತೋ, ಅರ್ಧ ದಿನವೋ.

ಎಲ್ಲವೂ ಅವನಿಗೆ ಆಗ ತಿಳಿಯಿತು. ಅವನು ಅಳಲಿಲ್ಲವಂತೆ. ಕಂಬಳಿಯ ಇನ್ನೊಂದು ತುದಿಯಲ್ಲಿ ಕೂತು, "ದುಗ್ಗಕ್ಕ, ಮೊದ್ಲು ನಮ್ಮನೆ ಸುದ್ದಿ ಹೇಳ್ತೀನಿ ಕೇಳು" ಎಂದು ಶುರುಮಾಡಿ, ಎಂಟು ತಿಂಗಳಲ್ಲಿ ಹುಟ್ಟಿದವರು, ಸತ್ತವರು, ಮಳೆ ಬಂದದ್ದು, ಬಾರದ್ದು ಎಲ್ಲವನ್ನೂ ಹೇಳಿ ಮುಗಿಸಿದ. ಆಮೇಲೆಯೇ ಎದ್ದು ಮಣ್ಣಿಗೆ ಜನ ಕರೆಯಲು ಇಳಿದ ಎನ್ನುತ್ತಾರೆ.

ಇಂದಿಗೂ ಬರಿತಿದಿ ಗುಡ್ಡ ಹತ್ತಿದವರು ಅಲ್ಲಿ ಸುಮ್ಮನಿರುವುದಿಲ್ಲ. ಬಂಡೆಯ ಮೇಲೆ ಕೂತು, ಎದುರಿಗೆ ಒಬ್ಬರಿಗೆ ಜಾಗ ಬಿಟ್ಟು, ತಮ್ಮ ಮನೆಯ ಸುದ್ದಿಯನ್ನು ಬಾಯಿಬಿಟ್ಟು ಹೇಳುತ್ತಾರೆ. ಹೋದ ಸುಗ್ಗಿಯಲ್ಲಿ ಬಸ್ ಕಂಡಕ್ಟರೊಬ್ಬರು ಮಗಳಿಗೆ ಹಲ್ಲು ಬಂದದ್ದನ್ನು ಹೇಳುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಹೊರಗಿನಿಂದ ಬಂದವರು ನಗುತ್ತಾರೆ, ನಗಲಿ. ಹೇಳಿ ಮುಗಿದ ತಕ್ಷಣ ಎದ್ದು ಬರುವ ಪದ್ಧತಿ ಮಾತ್ರ ಇಲ್ಲ. ಎಲ್ಲರೂ ಒಂದಷ್ಟು ಹೊತ್ತು ಬಾಯಿ ಮುಚ್ಚಿ ಕೂರುತ್ತಾರೆ, ಅವಳಿಗೂ ಹೇಳುವುದಿರುತ್ತದೆ.