ಕೆರೆಮಣ್ಣಿನ ಓಲೆ

ಮರಡಿದುರ್ಗದ ಪಾಳೆಗಾರ ಸರ್ಜಪ್ಪನಾಯಕ ಆಡಿದ ಮಾತು ಬದಲಾಯಿಸುವವನಲ್ಲ. ಹಾಗೆಂದು ಅವನೇ ಹೇಳುತ್ತಿದ್ದ, ಬೆಳಿಗ್ಗೆ ಒಂದು ರೀತಿ, ಸಂಜೆ ಇನ್ನೊಂದು ರೀತಿ.

ಇದರ ಕಷ್ಟ ಬಲ್ಲವನು ರಾಯಸದ ಕೇಶವಯ್ಯ. ನಾಯಕನ ಅಪ್ಪಣೆಯನ್ನು ಮೊನಚಾದ ಕಬ್ಬಿಣದ ಕಂಟದಿಂದ ತಾಳೆಗರಿಯ ಮೇಲೆ ಕೊರೆದು, ಅಕ್ಷರ ಕಾಣುವಂತೆ ಮಸಿ ತಿಕ್ಕುವುದು ಅವನ ಕೆಲಸ. ಅಪ್ಪಣೆ ಬದಲಾದರೆ ಒದ್ದೆ ಬಟ್ಟೆಯಿಂದ ಮಸಿ ಒರೆಸಿ, ಅದೇ ಗರಿಯಲ್ಲಿ ಕೆಳಗೆ ಇನ್ನೊಂದು ಸಾಲು ಕೊರೆಯಬೇಕು. ಹೊಸ ಗರಿ ಕೇಳಿದರೆ ನಾಯಕ, "ಮಾತು ಒಂದೇ ಅಂದಮೇಲೆ ಗರಿ ಎರಡು ಯಾಕಯ್ಯ?" ಎನ್ನುತ್ತಿದ್ದ.

ಒಂದು ದಿನ ಕುಂಬಾರಗೇರಿಯ ಹಿರಿಯಳು ಮಾಳವ್ವ ಚಾವಡಿಗೆ ಬಂದಳು.

"ಬುದ್ದೀ, ಹೊಸಕೆರೆ ಮಣ್ಣು ನಮ್ಮ ಕೇರಿಗೆ ಅಂತ ಯುಗಾದಿ ದಿನ ನೀವೇ ಅಂದ್ರಿ. ಈಗ ನಿಮ್ಮ ಭಾವಮೈದ ಕಾಟಪ್ಪನೋರು ಅಡ್ಡ ನಿಂತವ್ರೆ. ಎರಡು ತಿಂಗಳಿಂದ ನಮ್ಮ ತಿಗರಿ ತಿರುಗಿಲ್ಲ."

ನಾಯಕನ ಪಕ್ಕದಲ್ಲೇ ಕೂತಿದ್ದ ಕಾಟಪ್ಪ ಮೀಸೆ ತಿರುವಿದ. "ಇಟ್ಟಿಗೆ ಸುಡಿಸಿ ಮಹಡಿ ಕಟ್ಟಿಸ್ತಿದ್ದೀನಿ ಮುದುಕಿ. ಮಣ್ಣು ನಂದು. ಓಲೆ ನೋಡು."

"ನಾನು ಹಾಗೆ ಅಂದೇ ಇಲ್ಲ," ಎಂದ ನಾಯಕ. "ಮೊದಲಿಂದ ಕೊನೆವರೆಗೆ ನನ್ನದು ಒಂದೇ ಮಾತು. ಕೇಶವಯ್ಯ, ಓಲೆ ಓದು. ಈಕೆ ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಇಡೀ ಕೇರಿ ಊರು ಬಿಡಲಿ."

ಓಲೆಯಲ್ಲಿ ಒಂದೇ ಸಾಲು ಕಾಣುತ್ತಿತ್ತು: ಮಣ್ಣು ಕಾಟಪ್ಪನಿಗೆ. ಕಂಡದ್ದನ್ನು ಓದಿದರೆ ಕೇರಿ ಹೋಗುತ್ತದೆ. ಒರೆಸಿದ್ದನ್ನು ಬಾಯಿಬಿಟ್ಟು ಹೇಳಿದರೆ ತನ್ನ ತಲೆ ಹೋಗುತ್ತದೆ. ಕೇಶವಯ್ಯನಿಗೆ ತಲೆಯ ಮೇಲೆ ಮೊದಲಿನಿಂದಲೂ ಮಮತೆ.

"ಮಹಾಸ್ವಾಮಿ, ನನ್ನ ಕಣ್ಣು ಮಂಜು. ಸ್ವಲ್ಪ ಮಸಿ ತಿಕ್ಕಿ ಓದಲೆ?"

"ತಿಕ್ಕಿಕೋ."

ಕೇಶವಯ್ಯ ಮಸಿಯನ್ನು ಇಡೀ ಗರಿಗೆ ಧಾರಾಳವಾಗಿ ತಿಕ್ಕಿದ. ಒಂದು ಸಾಲಿದ್ದಲ್ಲಿ ನಾಲ್ಕು ಸಾಲು ಎದ್ದು ಕೂತವು. ಅವನು ಗಂಟಲು ಸರಿಮಾಡಿಕೊಂಡ.

"'ಮಣ್ಣು ಕುಂಬಾರಗೇರಿಗೆ.' ಇದು ಯುಗಾದಿಯದು. 'ಮಣ್ಣು ಕಾಟಪ್ಪನಿಗೆ.' ಇದು ರಾಣಿಯವರು ಊಟ ಬಿಟ್ಟ ದಿನದ್ದು. 'ಕಾಟಪ್ಪ ದುರ್ಗ ಬಿಟ್ಟು ತೊಲಗಲಿ.' ಇದು ಪಗಡೆಯಲ್ಲಿ ಮಹಾಸ್ವಾಮಿ ಸೋತ ದಿನದ್ದು. 'ಮಣ್ಣು ಕಾಟಪ್ಪನಿಗೆ.' ಇದು ಕಾಟಪ್ಪನವರು ಜಾಣತನದಿಂದ ಸೋತ ದಿನದ್ದು."

ಕಾಟಪ್ಪನ ಕೈ ಮೀಸೆಯಲ್ಲೇ ನಿಂತಿತು.

"ಒರೆಸು ಅಂದಿದ್ದೆನಲ್ಲಯ್ಯಾ!" ಎಂದುಬಿಟ್ಟ ನಾಯಕ.

"ಒರೆಸಿದೆ ಮಹಾಸ್ವಾಮಿ. ಮಸಿ ಹೋಯಿತು. ಗೀರು ಹೋಗುವಷ್ಟು ರಾಜಭಕ್ತಿ ತಾಳೆಗರಿಗೆ ಇಲ್ಲ."

ಚಾವಡಿಯಲ್ಲಿ ಯಾರೋ ಕೆಮ್ಮಿದರು. ಕಾಟಪ್ಪ ಮೆಲ್ಲಗೆ, "ಭಾವ, ನಾಲ್ಕನೆಯದೇ ಇರಲಿ," ಎಂದ.

"ಇರಬಹುದು," ಎಂದ ಕೇಶವಯ್ಯ. "ಮಹಾಸ್ವಾಮಿಗಳು ಮಾತು ಬದಲಾಯಿಸುತ್ತಾರೆ ಅಂತ ಈಗಲೇ ಹೊಸ ಗರಿಯಲ್ಲಿ ಬರೆದುಕೊಳ್ಳುತ್ತೇನೆ. ಬದಲಾಯಿಸುವುದಿಲ್ಲ ಅಂದರೆ ಮೊದಲ ಸಾಲು ಓದಿ ಓಲೆ ಕಟ್ಟಿಡುತ್ತೇನೆ."

ನಾಯಕ ಭಾವಮೈದನನ್ನು ನೋಡಿದ, ಮಾಳವ್ವನನ್ನು ನೋಡಿದ, ಗರಿಯನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಮಣ್ಣು ಕುಂಬಾರರದು. ಮೊದಲಿಂದಲೂ ನಾನು ಅದನ್ನೇ ಹೇಳ್ತಿದ್ದೀನಿ! ಹೋಗವ್ವ, ತಿಗರಿ ತಿರುಗಿಸು. ಕೇಶವಯ್ಯ, ನಿನಗೊಂದು ಜರತಾರಿ ಶಾಲು. ಬರೆದುಕೋ."

ಕೇಶವಯ್ಯ ಕಂಟವನ್ನು ಕೆಳಗಿಟ್ಟು ಕೈಮುಗಿದ.

"ಅಪ್ಪಣೆ ಮಹಾಸ್ವಾಮಿ. ಹೊದ್ದುಕೊಂಡ ಮೇಲೆ ಬರೆಯುತ್ತೇನೆ."