ಕಿವಿ ಮುರಿದ ಓಬಳಣ್ಣ

ಟೇಪು ಓಬಳಣ್ಣನ ಕೈಯಲ್ಲಿ ಕಪಾಳಕ್ಕೆ ತಿಂದವರಲ್ಲಿ ಈಗ ಉಳಿದಿರೋನು ನಾನೊಬ್ಬನೇ. ಐದು ಬೆರಳಿನ ಗುರುತು ಮೂರು ವಾರ ಈ ಕೆನ್ನೆ ಮೇಲಿತ್ತು. ಸುಳ್ಳು ಅನ್ನೋರು ಕಂಡೋರನ್ನು ಕರ್ಕೊಂಡು ಬನ್ನಿ. ಕಂಡೋರೆಲ್ಲ ಮಣ್ಣಾಗಿದ್ದಾರೆ. ಯಾಕೆ ಹೊಡೆದ ಅಂತ ಈಗಲೇ ಕೇಳಬೇಡಿ, ಕತೆ ಕೇಳಿ.

ಬಲು ಹಿಂದೆ, ಹೀಗೇ ಒಂದೂರು. ಊರಿಗೊಂದು ಹಿಟ್ಟಿನ ಗಿರಣಿ, ಗಿರಣಿಗೊಬ್ಬ ಓಬಳಣ್ಣ. ಹೊಟ್ಟೆಪಾಡಿಗೆ ಗಿರಣಿ, ಶೋಕಿಗೆ ಟೇಪು. ಟೇಪು ಅಂದರೆ ಮೇಲೊಂದು ಹಿಡಿಕೆ, ಎರಡು ಪಕ್ಕ ದುಂಡನೆ ಸ್ಪೀಕರು, ರೇಡಿಯೋನೂ ಕ್ಯಾಸೆಟ್ಟೂ ಎರಡೂ ಹಾಡೋ ಪೆಟ್ಟಿಗೆ. ಟೂ-ಇನ್-ಒನ್ ಅಂತಿದ್ದರು. ಹೊಸದನ್ನು ಅವನು ಕಣ್ಣೆತ್ತಿ ನೋಡ್ತಿರಲಿಲ್ಲ. ತುಕ್ಕು ಹಿಡಿದದ್ದು, ಒಳಗೆ ಇಲಿ ಮರಿ ಹಾಕಿದ್ದು, ಅಂಥದ್ದೇ ಬೇಕು ಅವನಿಗೆ.

ಅವನು ರಿಪೇರಿ ಮಾಡ್ತಿದ್ದದ್ದು ಬೈದು ಬೈದು ಅಂತಾರೆ. ಸ್ಕ್ರೂ ಬಿಚ್ಚುವಾಗ ಒಂದು ಬೈಗುಳ, ಸ್ಪಿರಿಟ್ಟಲ್ಲಿ ಕ್ಯಾಸೆಟ್ಟು ಓದೋ ಹೆಡ್ಡು ಒರೆಸುವಾಗ ಇನ್ನೊಂದು. ಅವನ ಬಾಯಿಗೆ ಹೆದರಿ ಸತ್ತ ಟೇಪು ಎದ್ದು ಹಾಡ್ತಿತ್ತು ಅಂತಾರೆ. ಒಂದು ಸಲ ಬ್ಯಾಟರಿ ಹಾಕೋದೇ ಮರೆತಿದ್ದ, ಆದರೂ ಹಾಡಿತು ಅಂತಾರೆ. ಅಂತಾರೆ ಏನು, ನಾನೇ ಕೇಳಿದ್ದೇನೆ.

ಆದರೆ ಪೆಟ್ಟಿಗೆಗೆ ಬೈದದ್ದು ಬರೀ ಬಾಯಲ್ಲಿ. ಪೆಟ್ಟಿಗೆ ಎಸೆದವರಿಗೆ ಬೈದದ್ದು ಹೊಟ್ಟೆಯೊಳಗಿಂದ. ಅವನಿದ್ದಿದ್ದರೆ ನಿಮ್ಮಲ್ಲಿ ಒಬ್ಬರ ಕೆನ್ನೆಯೂ ನೆಟ್ಟಗಿರ್ತಿರಲಿಲ್ಲ. ವರ್ಷಕ್ಕೊಂದು ಫೋನು ಬಿಸಾಡ್ತೀರಿ, ನಾಚಿಕೆ ಇಲ್ಲ.

ಆ ಊರಲ್ಲಿ ಮಾರಕ್ಕ ಅಂತ ಒಬ್ಬಳಿದ್ದಳು. ಅವಳ ತಾಯಿ ಸೋಬಾನೆ ಹಾಡೋದರಲ್ಲಿ ಎತ್ತಿದ ಕೈ. ಸಾಯೋ ವರ್ಷ ಆ ಮುದುಕಿ ಒಂದು ಕ್ಯಾಸೆಟ್ಟಿಗೆ ಹಾಡಿದ್ದಳು. ಆಮೇಲೆ ಟೇಪು ಮಾರಕ್ಕನ ಮನೆ ಜಗಲಿ ಮೇಲೇ ಇತ್ತು, ಬಂದೋರೆಲ್ಲ ಗುಂಡಿ ಒತ್ತೋರು. ಒಂದು ದಿನ ಕ್ಯಾಸೆಟ್ಟನ್ನು ಒಳಗೇ ಕಚ್ಚಿಕೊಂಡು ಟೇಪು ಕೆಟ್ಟು ಕೂತಿತು. ಮಾರಕ್ಕ ಅದನ್ನು ಅಟ್ಟದಲ್ಲಿಟ್ಟು ಕಾಯ್ತಿದ್ದಳು. ಮಗಳ ಮದುವೆ ಗೊತ್ತಾಗಿ ಮನೆಗೆ ಸುಣ್ಣ ಹೊಡೆಯುವಾಗ ಅವಳ ಮೈದುನ ಅದನ್ನು ತಗೊಂಡು ಹೋಗಿ ತಿಪ್ಪೆಗೆ ಎಸೆದ.

ಮಾರಕ್ಕ ತಿಪ್ಪೆ ಕೆದಕಿ ತಂದು ಓಬಳಣ್ಣನ ಮುಂದಿಟ್ಟಳು. ಅರಿಶಿನದ ದಿನ ಮಗಳಿಗೆ ಅಜ್ಜಿ ದನಿಯಲ್ಲೇ ಸೋಬಾನೆ ಆಗಬೇಕು, ಇಲ್ಲದಿದ್ದರೆ ಆ ಮದುವೆ ತನಗೆ ಮದುವೆಯೇ ಅಲ್ಲ ಅಂದಳು.

ಓಬಳಣ್ಣ ಮೊದಲು ಟೇಪು ಬಿಚ್ಚಲಿಲ್ಲ. ಗಿರಣಿ ನಿಲ್ಲಿಸಿ, ಮೈಯೆಲ್ಲ ಹಿಟ್ಟು, ಹಾಗೇ ಮೈದುನನ ಬಾಗಿಲಿಗೆ ಹೋದ. "ನಿಮ್ಮವ್ವನ ಗಂಟಲು ಅದರೊಳಗಿದ್ದಿದ್ದರೆ ಎಸೀತಿದ್ಯೇನ್ಲಾ?" ಅಂದ. ಮೈದುನ ಹಿತ್ತಲ ಕಡೆಯಿಂದ ಓಡಿದೋನು ಮದುವೆ ಮುಗಿದ ಮೇಲೇ ಬಂದ ಅಂತಾರೆ.

ಟೇಪಿನೊಳಗೆ ಚಕ್ರ ತಿರುಗಿಸೋ ರಬ್ಬರ್ ಬೆಲ್ಟು ಕರಗಿ ಡಾಂಬರಾಗಿತ್ತು. ಸೈಕಲ್ ಟ್ಯೂಬಿನಿಂದ ಕೂದಲೆಳೆಯಷ್ಟು ಸಣ್ಣ ಬಳೆ ಕತ್ತರಿಸಿ ಬೆಲ್ಟು ಮಾಡಿದ ಅಂತಾರೆ. ಒಂಬತ್ತು ದಿನ ಬೈದ. ಒಂಬತ್ತನೇ ದಿನ ಚಕ್ರ ತಿರುಗಿತು. ಕ್ಯಾಸೆಟ್ಟಿನ ಸುಕ್ಕು ಬಿಡಿಸಿ, ಪೆನ್ಸಿಲಲ್ಲಿ ಸುತ್ತಿ, ಮುದುಕಿ ದನಿ ಬಂದ ಕೂಡಲೇ ನಿಲ್ಲಿಸಿಬಿಟ್ಟ. ಮೊದಲು ಕೇಳೋ ಹಕ್ಕು ಮನೆಯವರದ್ದು, ನನ್ನದಲ್ಲ ಅನ್ನೋದು ಅವನ ನೇಮ. ಅದೇ ತಪ್ಪಾಯಿತು.

ಅರಿಶಿನದ ದಿನ ಚಪ್ಪರದಲ್ಲಿ ಮಣೆ ಮೇಲೆ ಟೇಪಿಟ್ಟರು. ಮದುಮಗಳು ಕೂತಳು. ಗುಂಡಿ ಒತ್ತಿದರು. ಮುದುಕಿ ಎದ್ದು ಬಂದಳು ನೋಡಿ! ಒಂದು ಸಾಲು ಹಾಡಿದಳು. ಎರಡು ಸಾಲು. ಮಾರಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಕಟಕ್ ಅಂತು. ಆಮೇಲೆ ಯಾವನದೋ ದನಿ. "ಹಲೋ, ಹಲೋ. ಈ ಸುತ್ತೇಳೂರಲ್ಲಿ ನನ್ನಂಥ ಕಂಠ ಯಾವನಿಗೈತೆ?" ಅಂತ. ಅಂದು, ಒಂದು ಸಿನಿಮಾ ಹಾಡು. ಕ್ಯಾಸೆಟ್ಟು ಮುಗಿಯೋವರೆಗೂ ಅವನದೇ ಹಾಡು.

ಕ್ಯಾಸೆಟ್ಟಿನ ಬೆನ್ನ ಮೇಲೆ ಎರಡು ಪ್ಲಾಸ್ಟಿಕ್ ಚೂರು ಇರ್ತವೆ. ನಮ್ಮ ಕಡೆ ಅದಕ್ಕೆ ಕಿವಿ ಅಂತಾರೆ. ಕಿವಿ ಮುರಿದರೆ ಅದು ಇನ್ಯಾರ ಮಾತೂ ಕೇಳಲ್ಲ, ಮೇಲೆ ಬೇರೆ ದನಿ ತುಂಬೋಕಾಗಲ್ಲ, ಒಳಗಿನ ದನಿ ಭದ್ರ. ಮುದುಕಿ ಕ್ಯಾಸೆಟ್ಟಿನ ಕಿವಿ ಯಾರೂ ಮುರಿದಿರಲಿಲ್ಲ. ಟೇಪು ಕೆಡೋ ಮುಂಚೆ ಜಗಲಿ ಮೇಲೆ ಯಾವನೋ ಅವಳ ಹಾಡಿನ ಮೇಲೇ ತನ್ನದನ್ನು ತುಂಬಿಬಿಟ್ಟಿದ್ದ.

ಮಾರಕ್ಕನಿಗೆ ಆ ದನಿಯ ಗುರುತು ಹತ್ತಿತು. ಊಟದ ಸಾಲಲ್ಲಿ ಕೂತಿದ್ದ ಒಬ್ಬನ ಕಡೆ ಸುಮ್ಮನೆ ನೋಡಿದಳು. ಓಬಳಣ್ಣ ಎದ್ದ, ಎಲೆಗಳನ್ನು ದಾಟಿಕೊಂಡು ಹೋದ, ಛಟೀರ್ ಅಂತ ಒಂದು ಬಿಟ್ಟ. ಚಪ್ಪರದ ಗೂಟ ಅಲ್ಲಾಡಿತು ಅಂತಾರೆ. ವಾಪಸ್ಸು ಬಂದು ಹಾಡನ್ನು ಹಿಂದಕ್ಕೆ ಸುತ್ತಿದ. ಆ ಎರಡು ಸಾಲಾದರೂ ಉಳೀಲಿ ಅಂತ ಕ್ಯಾಸೆಟ್ಟಿನ ಎರಡೂ ಕಿವಿ ಹಲ್ಲಲ್ಲೇ ಕಚ್ಚಿ ಮುರಿದ. ಮತ್ತೆ ಹಾಕಿದ. ಎರಡು ಸಾಲು ಆದ ಕೂಡಲೇ ನಿಲ್ಲಿಸಿದ. ಮೂರನೇ ಸಾಲನ್ನು ಮಾರಕ್ಕ ಎತ್ತಿಕೊಂಡಳು. ಅವಳ ಹಿಂದೆ ಹೆಂಗಸರೆಲ್ಲ ಎತ್ತಿಕೊಂಡರು.

ಈಗಲೂ ಆ ಊರಲ್ಲಿ ಅರಿಶಿನ ಅಂದರೆ ಮಣೆ ಮೇಲೆ ಆ ಟೇಪು ಇಡ್ತಾರೆ. ಎರಡು ಸಾಲು ಅದು ಹಾಡುತ್ತೆ, ಮೂರನೆಯದರಿಂದ ಹೆಂಗಸರು. ಏನಾದರೂ ಬೆಲೆಬಾಳೋದನ್ನು ಮನೆಯಲ್ಲಿಟ್ಟು ಹೊರಟರೆ, "ಕಿವಿ ಮುರಿದ್ಯಾ?" ಅಂತ ಕೇಳ್ತಾರೆ, ಬೀಗ ಹಾಕಿದ್ಯಾ ಅನ್ನೋದಕ್ಕೆ.

ಇಷ್ಟು ಹೇಳಿ ಎಲೆಗೆ ಸುಣ್ಣ ಹಚ್ಚುತ್ತಿದ್ದೆ. ಕತೆ ಕೇಳ್ತಾ ಬೀಡಿ ಕಟ್ಟುತ್ತಿದ್ದ ತಿಪ್ಪಕ್ಕ ಕೈ ನಿಲ್ಲಿಸಿದಳು.

"ಮಾವ, ಓಬಳಣ್ಣ ನಿಂಗೂ ಹೊಡೆದಿದ್ದ ಅಂದ್ಯಲ್ಲ, ಯಾವಾಗ?"

"ಆಗಲೇ."

"ಆಗಲೇ ಅಂದ್ರೆ? ಚಪ್ಪರದಲ್ಲಿ ಒಬ್ಬನಿಗೇ ತಾನೆ ಹೊಡೆದದ್ದು? ಸುತ್ತೇಳೂರಲ್ಲಿ ನನ್ನಂಥ ಕಂಠ ಯಾರಿಗೈತೆ ಅಂತ ನೀನು ದಿನಾ ಅಂತೀಯ!"

ಎಲ್ಲರೂ ನನ್ನ ಕಡೆ ನೋಡಿದರು, ಮಾರಕ್ಕ ನೋಡಿದ ಹಾಗೇ. ನಾನು ಎಲೆ ಮಡಿಚಿ ಬಾಯಿಗಿಟ್ಟು ಭುಜ ಕುಣಿಸಿದೆ.

"ಕಿವಿ ಮುರೀದೆ ಯಾಕಿಟ್ಟಿದ್ದರು?" ಅಂದೆ. "ಹಾಡು ಮಾತ್ರ ಚೆನ್ನಾಗಿತ್ತು ಕಣಮ್ಮ."